ಬೇರು ನೋಡಿ ಆರ್ಕಿಡ್ ಬೆಳೆಸುವುದು

ಮೇ ತಿಂಗಳಿನಲ್ಲಿ ಮಲೆನಾಡಿನ ಹಳೆಯ ಮನೆಗಳ ಹಿತ್ತಿಲಿಗೆ ಹೋದವರಿಗೆ ಹಲಸಿನ ಮರದ ಕವಲಿನಿಂದಲೋ ಮಾವಿನ ಕೊಂಬೆಯಿಂದಲೋ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್ ಇಳಿಬಿದ್ದಿರುವುದು ಕಣ್ಣಿಗೆ ಬೀಳುತ್ತದೆ. ಬಿಳಿಯ ಮೇಲೆ ನೇರಳೆಗೆಂಪು ಚುಕ್ಕೆಗಳಿರುವ ನೂರಾರು ಹೂಗಳು ಒಂದೇ ದಂಟಿನಲ್ಲಿ ಒತ್ತೊತ್ತಾಗಿ ಕೂತು ಜಡೆಗೆ ಮುಡಿಸಿದ ದಂಡೆಯಂತೆಯೇ ತೂಗುತ್ತಿರುತ್ತವೆ. ಅದಕ್ಕೆ ಯಾರೂ ನೀರು ಹಾಕಿದವರಲ್ಲ, ಗೊಬ್ಬರ ಕೊಟ್ಟವರಲ್ಲ, ಅದರ ಬುಡದಲ್ಲಿ ಒಂದು ಹಿಡಿ ಮಣ್ಣೂ ಇಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಅದು ಹಗಲಿರುಳೂ ತೊಯ್ದಿರುತ್ತದೆ. ಡಿಸೆಂಬರಿನಿಂದಾಚೆಗೆ ಇಬ್ಬನಿ ಬಿಟ್ಟರೆ ಹೆಚ್ಚೇನೂ ಸಿಗದೆ ಒಣಗಿರುತ್ತದೆ. ಹಾಗಿದ್ದೂ ಬೇಸಿಗೆಯ ಕೊನೆಗೆ ತಪ್ಪದೆ ಹೂ ಬಿಡುತ್ತದೆ. ಪೇಟೆಯಿಂದ ಹೂವಿನ ಸಮೇತ ತಂದ ಆರ್ಕಿಡ್ ನಾಲ್ಕು ತಿಂಗಳಿಗೆ ಸತ್ತಿತೆಂದು ಹೇಳುವವರಿಗೆ ನಾನು ಮೊದಲು ಈ ಮರದ ಮೇಲಿನ ಗಿಡವನ್ನು ನೋಡಿ ಬರಲು ಹೇಳುತ್ತೇನೆ. ಎಷ್ಟೇ ಜಡಿಮಳೆ ಬಂದರೂ ಆ ಬೇರುಗಳ ಸುತ್ತ ನೀರು ನಿಲ್ಲುವುದಿಲ್ಲ, ಗಾಳಿ ಆಡುತ್ತಲೇ ಇರುತ್ತದೆ. ನಮ್ಮ ಕುಂಡದೊಳಗಿನ ಬೇರು ವಾರಗಟ್ಟಲೆ ಗಾಳಿಯಿಲ್ಲದೆ ಒದ್ದೆಯಾಗಿರುತ್ತದೆ. ಮನೆಯಲ್ಲಿ ಸಾಯುವ ಆರ್ಕಿಡ್‌ಗಳಲ್ಲಿ ಹೆಚ್ಚಿನವು ಬಾಯಾರಿಕೆಯಿಂದ ಸಾಯುವುದಿಲ್ಲ, ಉಸಿರುಗಟ್ಟಿ ಸಾಯುತ್ತವೆ.

ಹಳ್ಳಿಯ ಕಡೆ ಕೆಲವರು ಸೀತಾಳೆಯನ್ನೂ ಬಂದಳಿಕೆಯನ್ನೂ ಒಂದೇ ಎಂದು ತಿಳಿದು ಎರಡನ್ನೂ ಕಿತ್ತೆಸೆಯುವುದುಂಟು. ಬಂದಳಿಕೆ ಮರದ ತೊಗಟೆಯೊಳಗೆ ಬೇರಿಳಿಸಿ ಅದರ ರಸ ಹೀರುತ್ತದೆ. ಸೀತಾಳೆ ಮರವನ್ನು ಹಿಡಿದು ಕೂರುತ್ತದೆಯೇ ಹೊರತು ಮರದಿಂದ ಏನನ್ನೂ ಕಸಿಯುವುದಿಲ್ಲ. ಮಳೆನೀರು, ಇಬ್ಬನಿ, ತೊಗಟೆಯ ಸಂದಿಯಲ್ಲಿ ಕೊಳೆತ ತರಗೆಲೆಯ ಸಾರ ಇಷ್ಟರಲ್ಲೇ ಅದರ ಸಂಸಾರ. ಈ ಬದುಕಿಗೆ ತಕ್ಕಂತೆ ಅದರ ಬೇರಿನ ಹೊರಭಾಗದಲ್ಲಿ ಸತ್ತ ಕೋಶಗಳಿಂದಾದ ಸ್ಪಂಜಿನಂತಹ ಒಂದು ಹೊದಿಕೆಯಿದೆ. ನೀರು ತಗಲಿದೊಡನೆ ಅದು ಹೀರಿಕೊಂಡು ಒಳಗಿನ ಜೀವಂತ ಎಳೆಗೆ ದಾಟಿಸುತ್ತದೆ. ಒಣಗಿದಾಗ ಬೇರು ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ, ಒದ್ದೆಯಾದಾಗ ಒಳಗಿನ ಹಸಿರು ಹೊರಗೆ ಕಾಣುತ್ತದೆ. ಆರ್ಕಿಡ್ ಬೆಳೆಸುವವನು ಕಲಿಯಬೇಕಾದ ಮೊದಲ ಅಕ್ಷರಗಳು ಈ ಎರಡು ಬಣ್ಣಗಳೇ.

ಗಿಡವನ್ನು ಆರಿಸುವಾಗ

ಅಂಗಡಿಯಲ್ಲಿ ಕಣ್ಣಿಗೆ ಚಂದ ಕಂಡದ್ದನ್ನು ತರುವ ಬದಲು ನಾವಿರುವ ಊರಿನ ಹವೆಗೆ ಹೊಂದುವುದನ್ನು ತರುವುದು ಅರ್ಧ ಕೆಲಸ ಮುಗಿಸಿದಂತೆ. ಬೆಂಗಳೂರು, ಮೈಸೂರಿನಂತಹ ಊರುಗಳಲ್ಲಿ, ಬಿಸಿಲು ನೇರವಾಗಿ ಬೀಳದ ಬಾಲ್ಕನಿಯಿದ್ದರೆ, ಪತಂಗದ ರೆಕ್ಕೆಯಂತಹ ಅಗಲ ಹೂಗಳ ಫೆಲನಾಪ್ಸಿಸ್ ಚೆನ್ನಾಗಿ ಬರುತ್ತದೆ. ಮಂಗಳೂರು, ಉಡುಪಿ, ಕಾರವಾರದಂತಹ ಕರಾವಳಿಯ ಊರುಗಳಲ್ಲಿ ಅದು ಎಲೆಯನ್ನೇನೋ ಸೊಂಪಾಗಿ ಬಿಡುತ್ತದೆ, ಆದರೆ ಹೂ ಬಿಡಲು ತಡವರಿಸುತ್ತದೆ. ಕಾರಣವನ್ನು ಮುಂದೆ ಹೇಳುತ್ತೇನೆ. ಅಲ್ಲಿಗೆ ಬೆತ್ತದಂತಹ ಕಾಂಡಗಳ, ನೇರಳೆ-ಬಿಳಿ ಹೂಗಳ ಡೆಂಡ್ರೋಬಿಯಂ ಹೇಳಿ ಮಾಡಿಸಿದ ಗಿಡ. ಕೇರಳದಲ್ಲಿ ಕತ್ತರಿಸಿ ಮಾರುವ ಹೂವಿಗಾಗಿ ವ್ಯಾಪಕವಾಗಿ ಬೆಳೆಯುವ ಸೋನಿಯಾ ಎಂಬ ತಳಿ ಈ ಜಾತಿಯದೇ. ವ್ಯಾಂಡಾ ಬಹಳ ಬೆಳಕನ್ನೂ ದಿನವೂ ನೀರನ್ನೂ ಬೇಡುವುದರಿಂದ, ತಾರಸಿಯ ಮೇಲೆ ನೆರಳು ಬಲೆ ಕಟ್ಟಿಕೊಂಡು ಬೆಳಗ್ಗೆ ತಪ್ಪದೆ ಪೈಪು ಹಿಡಿಯಬಲ್ಲವರಿಗೆ ಮಾತ್ರ ಅದನ್ನು ಸೂಚಿಸುತ್ತೇನೆ. ಹಳದಿ ಹೂಗಳನ್ನು ಚಿಮ್ಮಿಸುವ ಆನ್ಸಿಡಿಯಂ ಇವೆಲ್ಲದರ ನಡುವಿನದು.

ಕೊಳ್ಳುವಾಗ ಹೂವಿನ ಲೆಕ್ಕಕ್ಕಿಂತ ಬೇರಿನ ಲೆಕ್ಕ ಮುಖ್ಯ. ಪಾರದರ್ಶಕ ಕುಂಡದಲ್ಲಿದ್ದರೆ ಎತ್ತಿ ನೋಡಬೇಕು. ಗಟ್ಟಿಯಾದ ಬೆಳ್ಳಿ ಅಥವಾ ಹಸಿರು ಬೇರುಗಳು ಗೋಡೆಗೆ ಒತ್ತಿಕೊಂಡಿರಬೇಕು. ಗಿಡದ ಬುಡವನ್ನು ಹಿಡಿದು ಮೆಲ್ಲನೆ ಅಲುಗಿಸಿದರೆ ಅದು ತೊನೆದಾಡಬಾರದು. ಎಲ್ಲ ಮೊಗ್ಗುಗಳೂ ಅರಳಿದ ಗಿಡಕ್ಕಿಂತ ಕೆಳಗಿನ ಎರಡು ಮೂರು ಹೂ ಅರಳಿ ತುದಿಯ ಮೊಗ್ಗುಗಳು ಉಳಿದಿರುವ ಗಿಡ ವಾಸಿ. ಎಲೆಯ ಅಡಿಯನ್ನೂ ಕಂಕುಳನ್ನೂ ತಿರುಗಿಸಿ ನೋಡಿ, ಹತ್ತಿಯಂತಹ ಬಿಳಿ ಕಂಡರೆ ಹಿಟ್ಟು ತಿಗಣೆ ಇದೆಯೆಂದು ತಿಳಿದು ಅಲ್ಲೇ ಬಿಟ್ಟು ಬರಬೇಕು.

ಕಾಡಿನಿಂದ ಕಿತ್ತು ತಂದು ಸಂತೆಯಲ್ಲಿ, ರಸ್ತೆ ಬದಿಯಲ್ಲಿ ಮಾರುವ ಸೀತಾಳೆಯನ್ನು ಕೊಳ್ಳಬಾರದು. ಕಾನೂನಿನ ಮಾತು ಹಾಗಿರಲಿ, ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದಾಗಿದ್ದು ಅದರೊಳಗೆ ಮೊಳಕೆಗೆ ಬೇಕಾದ ಬುತ್ತಿಯೇ ಇರುವುದಿಲ್ಲ. ಕಾಡಿನಲ್ಲಿ ತಕ್ಕ ಶಿಲೀಂಧ್ರವೊಂದು ಅದನ್ನು ಸಾಕಿದರೆ ಮಾತ್ರ ಲಕ್ಷದಲ್ಲಿ ಎಲ್ಲೋ ಒಂದು ಗಿಡವಾಗುತ್ತದೆ. ಹಾಗೆ ವರ್ಷಗಟ್ಟಲೆ ಬೆಳೆದದ್ದನ್ನು ಕಿತ್ತರೆ ಆ ಜಾಗ ಸುಲಭಕ್ಕೆ ತುಂಬುವುದಿಲ್ಲ. ಶಿಲೀಂಧ್ರದ ನೆರವಿಲ್ಲದೆ ಸಕ್ಕರೆ ಬೆರೆಸಿದ ಅಗರ್ ಎಂಬ ಕಡಲ ಪಾಚಿಯ ಲೋಳೆಯ ಮೇಲೆ ಬೀಜ ಮೊಳೆಸಬಹುದೆಂದು ಅಮೆರಿಕದ ಸಸ್ಯವಿಜ್ಞಾನಿ ಲೂಯಿಸ್ ನಡ್ಸನ್ 1922ರಲ್ಲೇ ತೋರಿಸಿದರು. 1960ರಿಂದೀಚೆಗೆ ಗಿಡದ ಸಣ್ಣ ಚೂರಿನಿಂದಲೇ ಹೊಸ ಗಿಡಗಳನ್ನು ಬೆಳೆಸುವ ಅಂಗಾಂಶ ಕೃಷಿಯೂ ಬಂತು. ಪ್ರಯೋಗಾಲಯದಲ್ಲಿ ಹುಟ್ಟಿದ ಗಿಡ ಕೈಗೆಟುಕುವ ಬೆಲೆಗೆ ಸಿಗುವಾಗ ಕಾಡಿಗೆ ಕೈ ಹಾಕಲು ನೆಪವೂ ಉಳಿದಿಲ್ಲ. ಗಾಳಿಗೆ ಮುರಿದು ಬಿದ್ದ ಅಂಗಳದ ಕೊಂಬೆಯ ಮೇಲಿನ ಗಿಡವನ್ನು ಎತ್ತಿ ಬೇರೆ ಮರಕ್ಕೆ ಕಟ್ಟುವುದು ಮಾತ್ರ ಬೇರೆ ಮಾತು, ಅದು ಉಪಕಾರ.

ಬೆಳಕು, ಗಾಳಿ

ಬೆಳಕಿನ ವಿಷಯದಲ್ಲಿ ಎಲೆಯ ಬಣ್ಣವೇ ಮೀಟರು. ಕಡುಹಸಿರು ಎಲೆ ನೋಡಲು ಆರೋಗ್ಯವೆನಿಸಿದರೂ ಅದು ಬೆಳಕು ಸಾಲದ ಗುರುತು. ಎಳೆ ಹುಲ್ಲಿನ ಹಸಿರು ಇದ್ದರೆ ಸರಿ. ಎಲೆಯ ಅಂಚು ಕೆಂಪಡರಿದರೆ ಬೆಳಕು ಮೇರೆಗೆ ಬಂದಿದೆ. ನಡುವೆ ಬಿಳಿಚಿ ಒಣಗಿದ ಮಚ್ಚೆ ಕಂಡರೆ ಸುಟ್ಟಿದೆ. ಫೆಲನಾಪ್ಸಿಸ್‌ಗೆ ಪೂರ್ವದ ಕಿಟಕಿಯ ಬೆಳಗಿನ ಎಳೆ ಬಿಸಿಲು ಸಾಕು, ಪಶ್ಚಿಮದ ಬಾಲ್ಕನಿಯಾದರೆ ಮಧ್ಯಾಹ್ನ ತೆಳುವಾದ ಬಿಳಿ ಪರದೆ ಬೇಕು. ಡೆಂಡ್ರೋಬಿಯಂಗೆ ಅರ್ಧ ಬಿಸಿಲು ತಡೆಯುವ ನೆರಳು ಬಲೆಯ ಕೆಳಗೆ ಜಾಗ ಕೊಡಬೇಕು. ದೇವರ ಕೋಣೆಯ ಮೂಲೆ, ಟೀವಿ ಪಕ್ಕದ ಮೇಜು, ಸ್ನಾನದ ಮನೆಯ ಕಿಟಕಿ ಇವೆಲ್ಲ ಹೂ ಅರಳಿರುವ ಕಾಲದಲ್ಲಿ ಗಿಡವನ್ನು ನೆಂಟರಿಗೆ ತೋರಿಸಲು ಸರಿ, ವರ್ಷವಿಡೀ ಇಡಲು ಅಲ್ಲ. ಗಾಳಿ ಆಡದ ಮೂಲೆಯಾದರೆ ಚಿಕ್ಕ ಫ್ಯಾನೊಂದನ್ನು ಗಿಡದ ಮುಖಕ್ಕೆ ನೇರ ಹಿಡಿಯದೆ ಕೋಣೆಯ ಗಾಳಿ ಅಲುಗುವಂತೆ ತಿರುಗಿಸಿಟ್ಟರೆ ಕೊಳೆರೋಗ ಗಮನಾರ್ಹವಾಗಿ ಕಡಿಮೆಯಾಗುತ್ತದೆ.

ನೀರು

ವಾರಕ್ಕೆ ಎಷ್ಟು ಸಲ ನೀರು ಹಾಕಬೇಕೆಂಬ ಪ್ರಶ್ನೆಗೆ ಉತ್ತರವಿಲ್ಲ, ಏಕೆಂದರೆ ಅದೇ ಗಿಡ ಬೆಂಗಳೂರಿನ ಮಾರ್ಚಿನಲ್ಲಿ ಮೂರು ನಾಲ್ಕು ದಿನಕ್ಕೆ ಒಣಗಿದರೆ ಜುಲೈಯಲ್ಲಿ ಹತ್ತು ದಿನವಾದರೂ ಒಣಗದಿರಬಹುದು. ಪಾರದರ್ಶಕ ಪ್ಲಾಸ್ಟಿಕ್ ಕುಂಡವನ್ನು ನಾನು ಮೆಚ್ಚುವುದು ಈ ಕಾರಣಕ್ಕೆ. ಗೋಡೆಗೆ ಅಂಟಿದ ಬೇರುಗಳೆಲ್ಲ ಬೆಳ್ಳಿಯಾಗಿದ್ದು, ಒಳಗೆ ತೇವದ ಮಂಜು ಕಾಣದೆ, ಕುಂಡ ಕೈಗೆ ಹಗುರವೆನಿಸಿದರೆ ನೀರಿನ ಹೊತ್ತು ಬಂದಿದೆ. ಬೇರು ಇನ್ನೂ ಹಸಿರಾಗಿದ್ದರೆ ಮುಟ್ಟಬಾರದು. ಮಣ್ಣಿನ ಕುಂಡವಾದರೆ ಊದುಬತ್ತಿಯ ಕಡ್ಡಿಯೊಂದನ್ನು ಒಳಕ್ಕೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದು ತುಟಿಗೆ ತಾಗಿಸಿದರೆ ತೇವ ತಿಳಿಯುತ್ತದೆ.

ಹಾಕುವಾಗ ಚಮಚದಲ್ಲಿ ಅಳೆದು ಹಾಕುವುದು ಸಲ್ಲದು. ಐಸ್ ತುಂಡು ಇಡುವ ಪದ್ಧತಿಯಂತೂ ಉಷ್ಣವಲಯದ ಗಿಡಕ್ಕೆ ಮಾಡುವ ತಮಾಷೆ. ಕುಂಡವನ್ನು ಸಿಂಕಿಗೆ ಒಯ್ದು ನೀರು ತಳದ ತೂತುಗಳಿಂದ ಧಾರಾಳವಾಗಿ ಹರಿದು ಹೋಗುವಂತೆ ಒಂದು ನಿಮಿಷ ಹಾಕಿ, ಪೂರ್ತಿ ಸೋರಿದ ಮೇಲೆ ಜಾಗಕ್ಕೆ ಮರಳಿಸಬೇಕು. ತಟ್ಟೆಯಲ್ಲಿ ನೀರು ನಿಲ್ಲಬಾರದು. ಈ ಕೆಲಸವನ್ನು ಬೆಳಗ್ಗೆಯೇ ಮಾಡಬೇಕು. ಫೆಲನಾಪ್ಸಿಸ್‌ನ ಎಲೆಗಳು ಕೂಡುವ ನಡು ಸುಳಿಯಲ್ಲಿ ನೀರು ನಿಂತು ರಾತ್ರಿ ಕಳೆದರೆ ಸುಳಿ ಕೊಳೆಯುತ್ತದೆ, ಸುಳಿ ಹೋದರೆ ಆ ಗಿಡ ಮೇಲಕ್ಕೆ ಬೆಳೆಯುವ ದಾರಿಯೇ ಮುಚ್ಚಿದಂತೆ. ತಪ್ಪಿ ನೀರು ನಿಂತರೆ ಟಿಶ್ಯೂ ಕಾಗದದ ತುದಿಯನ್ನು ಹುರಿ ಮಾಡಿ ಅದ್ದಿ ಹೀರಿಸಿ ತೆಗೆಯಬೇಕು.

ನೀರಿನ ಗುಣವನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ. ಬೋರ್‌ವೆಲ್ಲಿನ ಗಡಸು ನೀರನ್ನೇ ತಿಂಗಳುಗಟ್ಟಲೆ ಹಾಕಿದರೆ ಕುಂಡದ ಅಂಚಿನಲ್ಲಿಯೂ ಒಳಗೆ ತುಂಬಿದ ಇದ್ದಿಲಿನ ಚೂರುಗಳ ಮೇಲೂ ಬಿಳಿ ಉಪ್ಪು ಕಟ್ಟುತ್ತದೆ, ಬೇರಿನ ತುದಿಗಳು ಕಪ್ಪಾಗಿ ಮುರುಟುತ್ತವೆ. ಮಳೆನೀರು ಎಲ್ಲಕ್ಕಿಂತ ಒಳ್ಳೆಯದು. ಅದಿಲ್ಲದಾಗ ಕುಡಿಯುವ ನೀರಿನ ಆರ್‌ಓ ಯಂತ್ರದ ಶುದ್ಧ ನೀರನ್ನು ನಲ್ಲಿ ನೀರಿನೊಡನೆ ಸಮಪಾಲು ಬೆರೆಸಬಹುದು. ಆ ಯಂತ್ರ ಹೊರಚೆಲ್ಲುವ ನೀರನ್ನು, ಉಳಿತಾಯವೆಂದುಕೊಂಡು, ಆರ್ಕಿಡ್‌ಗೆ ಹಾಕಬಾರದು. ಅದರಲ್ಲಿ ಉಪ್ಪು ಇನ್ನೂ ಹೆಚ್ಚಾಗಿ ಸೇರಿರುತ್ತದೆ.

ಕುಂಡ ಬದಲಿಸುವುದು

ನಾನು ತಂದ ಮೊದಲ ಫೆಲನಾಪ್ಸಿಸ್ ಎರಡು ತಿಂಗಳು ಹೂ ಹೊತ್ತು ನಿಂತಿತ್ತು, ಬಳಿಕ ಎಲೆಗಳು ಸೊರಗಿ ನೆರಿಗೆಗಟ್ಟಿದವು. ನೀರು ಸಾಲದೆಂದು ಇನ್ನಷ್ಟು ಹಾಕಿದೆ. ಕೊನೆಗೆ ಕುಂಡದಿಂದ ಎಳೆದಾಗ ಗಿಡವಷ್ಟೇ ಕೈಗೆ ಬಂತು, ಬೇರುಗಳೆಲ್ಲ ಒಳಗೇ ಉಳಿದವು. ಹೊರಗೆ ಸೊಗಸಾದ ತೊಗಟೆ ಚೂರು, ಒಳಗೆ ನಟ್ಟ ನಡುವೆ ಮುಷ್ಟಿಗಾತ್ರದ ಸ್ಫ್ಯಾಗ್ನಮ್ ಪಾಚಿಯ ಉಂಡೆ, ಅದರ ಸುತ್ತ ಸಸಿಯಾಗಿದ್ದಾಗ ತೊಡಿಸಿದ ಪ್ಲಾಸ್ಟಿಕ್ ಬಲೆ. ಹಿಂಡಿದರೆ ಹುಳಿ ವಾಸನೆಯ ಕಂದು ನೀರು ಇಳಿಯಿತು. ನರ್ಸರಿಯ ನಿಯಂತ್ರಿತ ಗಾಳಿಯಲ್ಲಿ ಈ ಉಂಡೆ ಉಪಯೋಗಕ್ಕೆ ಬರುತ್ತದೆ, ನಮ್ಮ ಮನೆಗಳಲ್ಲಿ ಇದೇ ಕುತ್ತಿಗೆಗೆ ಹಗ್ಗ. ಹಾಗಾಗಿ ಕೊಂಡು ತಂದ ಫೆಲನಾಪ್ಸಿಸ್ ಹೂ ಮುಗಿಸಿದ ಕೂಡಲೇ, ನೋಡಲು ಚೆನ್ನಾಗಿಯೇ ಇದ್ದರೂ, ಒಮ್ಮೆ ಕುಂಡ ಬದಲಿಸಲೇಬೇಕೆಂಬುದು ನನ್ನ ನಿಯಮ. ನೆನಪಿಡಬೇಕಾದ ಇನ್ನೊಂದು ಸಂಗತಿಯೆಂದರೆ ನೀರು ಕಡಿಮೆಯಾದಾಗಲೂ ಎಲೆ ಸೊರಗುತ್ತದೆ, ನೀರು ಹೆಚ್ಚಾಗಿ ಬೇರು ಕೊಳೆತಾಗಲೂ ಎಲೆ ಸೊರಗುತ್ತದೆ. ಎರಡರಲ್ಲಿ ಯಾವುದೆಂದು ಬೇರು ಮಾತ್ರ ಹೇಳಬಲ್ಲದು.

ಸಕಾಲವೆಂದರೆ ಹೂ ಮುಗಿದು ಹೊಸ ಬೇರಿನ ತುದಿಗಳು ಹಸಿರಾಗಿ ಚಿಗುರುವ ಹೊತ್ತು. ನಮ್ಮಲ್ಲಿ ಫೆಬ್ರವರಿ ಕೊನೆಯಿಂದ ಜೂನ್‌ವರೆಗೆ ಮಾಡಿದ ಬದಲಾವಣೆಗೆ ಗಿಡ ಬೇಗ ಒಗ್ಗಿಕೊಳ್ಳುತ್ತದೆ. ಡೆಂಡ್ರೋಬಿಯಂನಲ್ಲಾದರೆ ಹೊಸ ಮರಿ ಕಾಂಡ ಹೊರಟು ಅದರ ಬುಡದ ಬೇರು ಎರಡು ಸೆಂಟಿಮೀಟರಿನಷ್ಟಾದಾಗ ಕೈ ಹಾಕಬೇಕು. ಹೂದಂಟು ಹೊರಟಿರುವ ಗಿಡವನ್ನು, ಬೇರು ಕೊಳೆತಿರುವ ಅನುಮಾನವಿಲ್ಲದಿದ್ದರೆ, ಕದಲಿಸಬಾರದು.

ಮಣ್ಣು ಬೇಡವೇ ಬೇಡ. ಮಣ್ಣಿನ ಜೊತೆ ತೆಂಗಿನ ನಾರಿನ ಪುಡಿಯೂ ಬೇಡ, ಅದು ಒದ್ದೆಯಾದರೆ ಹಿಟ್ಟಿನಂತೆ ಅಂಟುತ್ತದೆ. ಬೇಕಾಗಿರುವುದು ಹೆಬ್ಬೆರಳ ಉಗುರಿನಿಂದ ಹೆಬ್ಬೆರಳಿನ ಗಾತ್ರದವರೆಗಿನ ಚೂರುಗಳು, ಅವುಗಳ ನಡುವೆ ಗಾಳಿಗೆ ಸಂದು. ಬೆಂಗಳೂರಿನ ಒಣ ಹವೆಗೆ ನಾನು ಎರಡು ಪಾಲು ಪೈನ್ ತೊಗಟೆಗೆ ಒಂದು ಪಾಲು ಇದ್ದಿಲು, ಮೇಲೊಂದು ಹಿಡಿ ತೆಂಗಿನ ಸಿಪ್ಪೆಯ ತುಂಡು ಬೆರೆಸುತ್ತೇನೆ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಳೆಗಾಲದ ತೇವಕ್ಕೆ ತೊಗಟೆ, ಸಿಪ್ಪೆ ಬೇಗ ಕೊಳೆಯುವುದರಿಂದ ಇದ್ದಿಲು ಮತ್ತು ಒಡೆದ ಹೆಂಚಿನ ಚೂರು ಇವೆರಡೇ ಸಾಕು. ಆ ಕಡೆ ಹಳೆಯ ಮಂಗಳೂರು ಹೆಂಚಿಗೆ ಬರವಿಲ್ಲ. ತೆಂಗಿನ ಸಿಪ್ಪೆಯನ್ನು ಎರಡು ಮೂರು ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ, ದಿನವೂ ನೀರು ಬದಲಿಸುತ್ತ, ಕಂದು ಬಣ್ಣ ಬಿಡುವುದು ನಿಲ್ಲುವ ತನಕ, ಅಂದರೆ ಸುಮಾರು ಒಂದು ವಾರ, ನೆನೆಸಿಟ್ಟು ಅದರ ಒಗರನ್ನೂ ಉಪ್ಪನ್ನೂ ಕಳೆಯಬೇಕು. ಇದ್ದಿಲು ಸೌದೆಯದಾಗಿರಬೇಕು, ಅಚ್ಚು ಹಾಕಿದ ಬಿಲ್ಲೆಯಲ್ಲ. ಜರಡಿ ಹಿಡಿದು ಪುಡಿ ತೆಗೆದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು ಬೆಳಗ್ಗೆ ತೊಳೆಯಬೇಕು.

ಕೆಲಸದ ದಿನ ಹಳೆಯ ಕುಂಡವನ್ನು ಹದಿನೈದು ನಿಮಿಷ ನೀರಿನಲ್ಲಿಟ್ಟರೆ ಬೇರು ಮೆತುವಾಗಿ ಮುರಿಯದೆ ಬಿಡಿಸಿಕೊಳ್ಳುತ್ತದೆ. ಪ್ಲಾಸ್ಟಿಕ್ ಗೋಡೆಯನ್ನು ಸುತ್ತ ಹಿಸುಕಿ, ಗಿಡವನ್ನು ಬುಡದಲ್ಲಿ ಹಿಡಿದು ಓರೆಯಾಗಿ ಹೊರತೆಗೆಯಬೇಕು. ಕುಂಡಕ್ಕೆ ಕಚ್ಚಿಕೊಂಡಿದ್ದರೆ ಕುಂಡವನ್ನೇ ಕತ್ತರಿಸುವುದು ಲೇಸು, ಹತ್ತು ರೂಪಾಯಿಯ ಪ್ಲಾಸ್ಟಿಕ್ಕಿಗಾಗಿ ಒಂದು ವರ್ಷದ ಬೇರನ್ನು ಹರಿಯಬಾರದು. ಹಳೆಯ ಚೂರುಗಳನ್ನೂ ನಡುವಿನ ಪಾಚಿಯನ್ನೂ ಬೆರಳಿನಿಂದ ಬಿಡಿಸಿ ಹರಿಯುವ ನೀರಿನಲ್ಲಿ ತೊಳೆದ ಮೇಲೆ ಒಂದೊಂದೇ ಬೇರನ್ನು ಬೆರಳ ನಡುವೆ ಒತ್ತಿ ನೋಡಬೇಕು. ಬಣ್ಣ ಹಳದಿಯೋ ಕಂದೋ ಆಗಿದ್ದರೂ ಒತ್ತಿದಾಗ ಗಟ್ಟಿಯಾಗಿದ್ದರೆ ಅದು ಬದುಕಿದೆ, ಕತ್ತಲಲ್ಲಿ ಬೆಳೆದ ಬೇರು ಹಾಗೆ ಇರುತ್ತದೆ. ಒತ್ತಿದಾಗ ನೀರಿಳಿದು ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ ಅದು ಸತ್ತಿದೆ. ಕತ್ತರಿಯನ್ನು ಗ್ಯಾಸಿನ ಉರಿಗೆ ಹಿಡಿದು ಆರಿಸಿಕೊಂಡು ಸತ್ತದ್ದನ್ನು ಗಟ್ಟಿ ಭಾಗದವರೆಗೆ ಕತ್ತರಿಸಬೇಕು, ಇನ್ನೊಂದು ಗಿಡಕ್ಕೆ ಹೋಗುವ ಮುನ್ನ ಮತ್ತೆ ಉರಿಗೆ ಹಿಡಿಯಬೇಕು. ಆರ್ಕಿಡ್‌ಗಳ ವೈರಸ್ ಗಿಡದಿಂದ ಗಿಡಕ್ಕೆ ಹೋಗುವುದು ಹೆಚ್ಚಾಗಿ ಕತ್ತರಿಯ ಬಾಯಲ್ಲೇ. ಕತ್ತರಿಸಿದ ಗಾಯಕ್ಕೆ ದಾಲ್ಚಿನ್ನಿ ಪುಡಿ ಮುಟ್ಟಿಸುವವರಿದ್ದಾರೆ. ಗಾಯಕ್ಕಷ್ಟೇ ತಗಲಿದರೆ ತೊಂದರೆಯಿಲ್ಲ, ಒಳ್ಳೆಯ ಬೇರಿನ ಮೇಲೆ ಉದುರಿದರೆ ಅದನ್ನೂ ಒಣಗಿಸಿಬಿಡುತ್ತದೆ. ಕೊಳೆ ಹೆಚ್ಚಿದ್ದಲ್ಲಿ ಕಾರ್ಬೆಂಡಜಿಮ್ ಮತ್ತು ಮ್ಯಾಂಕೋಜೆಬ್ ಬೆರೆತ ಶಿಲೀಂಧ್ರನಾಶಕವನ್ನು ಲೀಟರಿಗೆ 2 ಗ್ರಾಂ ಕರಗಿಸಿ, ಕೈಗವಸು ಹಾಕಿಕೊಂಡು, ಬೇರನ್ನು ಹತ್ತು ನಿಮಿಷ ಅದ್ದಿ ನೆರಳಿನಲ್ಲಿ ಸಂಜೆಯವರೆಗೆ ಆರಲು ಬಿಡಬೇಕು.

ಅಡಿಕೆ ತೋಟವಿರುವವರಿಗೆ ಒಂದು ಮಾತು. ಕೊಳೆರೋಗಕ್ಕೆಂದು ಕಲಸಿ ಉಳಿದ ಬೋರ್ಡೋ ದ್ರಾವಣವನ್ನು ಆರ್ಕಿಡ್‌ಗೂ ಒಂದಿಷ್ಟು ಎರಚಿಬಿಡೋಣವೆನ್ನಿಸುವುದು ಸಹಜ, ಆದರೆ ಅದರಲ್ಲಿರುವ ತಾಮ್ರ ಡೆಂಡ್ರೋಬಿಯಂನಂತಹವಕ್ಕೆ ಆಗಿಬರುವುದಿಲ್ಲ, ಎಲೆ ಸುಟ್ಟು ಉದುರುತ್ತದೆ.

ಹೊಸ ಕುಂಡವನ್ನು ಎಲೆಯ ಹರವು ನೋಡಿ ಆರಿಸದೆ ಉಳಿದ ಬೇರಿನ ಗಾತ್ರ ನೋಡಿ ಆರಿಸಬೇಕು. ಬೇರು ಅರ್ಧ ಹೋಗಿದ್ದರೆ ಮೊದಲಿಗಿಂತ ಚಿಕ್ಕ ಕುಂಡವೇ ಬೇಕಾದೀತು. ತಳದ ತೂತುಗಳು ಸಾಲದೆನಿಸಿದರೆ ಕಾಯಿಸಿದ ಮೊಳೆಯಿಂದ ಪಕ್ಕಗಳಲ್ಲೂ ತೂತು ಮಾಡಬಹುದು. ತಳಕ್ಕೆ ದಪ್ಪ ಚೂರು ಹಾಕಿ, ಕೆಳಗಿನ ಎಲೆಯ ಬುಡ ಮೇಲ್ಮಟ್ಟಕ್ಕೆ ಸರಿಯಾಗಿ ಕೂರುವಂತೆ ಗಿಡವನ್ನು ಹಿಡಿದುಕೊಂಡು, ಬೇರುಗಳನ್ನು ಸುತ್ತ ಹರಡಿ, ಚೂರುಗಳನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ ಕುಂಡವನ್ನು ಪಕ್ಕದಿಂದ ತಟ್ಟುತ್ತ ತುಂಬಬೇಕು. ಹೆಬ್ಬೆರಳಿನಿಂದ ಒತ್ತಿ ಜಡಿಯುವ ಅಗತ್ಯವಿಲ್ಲ. ಡೆಂಡ್ರೋಬಿಯಂ ಒಂದೇ ದಿಕ್ಕಿಗೆ ನಡೆಯುತ್ತ ಬೆಳೆಯುವ ಗಿಡವಾದುದರಿಂದ ಅದರ ಹಳೆಯ ಕಾಂಡವನ್ನು ಕುಂಡದ ಅಂಚಿಗೆ ಒತ್ತಿ, ಹೊಸ ಚಿಗುರಿನ ಮುಂದೆ ಜಾಗ ಬಿಡಬೇಕು. ಹೊರಗೆ ಚಾಚಿದ ಗಾಳಿಬೇರುಗಳನ್ನು ಒಳಕ್ಕೆ ತುರುಕುವುದಾಗಲಿ ಅಂದವಿಲ್ಲವೆಂದು ಕತ್ತರಿಸುವುದಾಗಲಿ ಮಾಡಬಾರದು.

ಕೊನೆಯದಾಗಿ ಗಿಡ ಅಲುಗದಂತೆ ಕಡ್ಡಿ ಊರಿ ಕಟ್ಟಬೇಕು. ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಗಾಳಿಗೆ ಗಿಡ ತೊನೆದಾಗಲೆಲ್ಲ ಹೊಸ ಬೇರಿನ ಎಳೆ ತುದಿ ಇದ್ದಿಲಿಗೆ ಉಜ್ಜಿ ನವೆಯುತ್ತದೆ, ಆ ಬೇರು ಮತ್ತೆ ಮುಂದಕ್ಕೆ ಬೆಳೆಯದೆ ನಿಂತುಹೋಗಬಹುದು. ಮೂರು ನಾಲ್ಕು ದಿನ ಬೇರಿಗೆ ನೀರು ಕೊಡದೆ ನೆರಳಿನಲ್ಲಿಟ್ಟು ಬೆಳಗ್ಗೆ ಎಲೆಗೆ ತೆಳುವಾಗಿ ನೀರು ಸಿಂಪಡಿಸಿದರೆ ಸಾಕು. ತಳದ ಎಲೆಯೊಂದು ಹಳದಿಯಾಗಿ ಉದುರಿದರೆ ಗಾಬರಿ ಬೇಡ. ಇದ್ದಿಲು ಮತ್ತು ಹೆಂಚು ಕೊಳೆಯದಿದ್ದರೂ ಉಪ್ಪು ಹಿಡಿದಿಟ್ಟುಕೊಳ್ಳುವುದರಿಂದ ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. ಸಿಪ್ಪೆ ಹೆಚ್ಚಿದ್ದರೆ ಅದಕ್ಕೂ ಮೊದಲೇ.

ಗೊಬ್ಬರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮಪಾಲಿರುವ 19:19:19 ಗೊಬ್ಬರವನ್ನು ಎರಡು ಲೀಟರ್ ನೀರಿಗೆ 1 ಗ್ರಾಂನಂತೆ ಕರಗಿಸಿ ವಾರಕ್ಕೊಮ್ಮೆ ಕೊಟ್ಟರೆ ಸಾಕು, ಅದೂ ಬೇರು ಮೊದಲೇ ಒದ್ದೆಯಾಗಿರುವಾಗ. ಒಣಗಿದ ಬೇರಿಗೆ ಗೊಬ್ಬರದ ನೀರು ಸುಡುತ್ತದೆ. ತಿಂಗಳಿಗೊಮ್ಮೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಕುಂಡ ಬದಲಿಸಿದ ಬಳಿಕ ಒಂದು ತಿಂಗಳು ಏನೂ ಬೇಡ. ಸಗಣಿ, ಕಡಲೆ ಹಿಂಡಿಯ ಕೊಳೆತ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿ ಹಾಕುವವರೂ ಚೆನ್ನಾಗಿಯೇ ಬೆಳೆಯುತ್ತಾರೆ, ಆದರೆ ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದವರ ಮೂಗನ್ನೂ ನೆನೆಯಬೇಕಾಗುತ್ತದೆ.

ಹೂವು ಬರಿಸುವುದು

ಫೆಲನಾಪ್ಸಿಸ್‌ಗೆ ಹೂ ಬಿಡುವ ಸೂಚನೆ ಸಿಗುವುದು ತಂಪಿನಿಂದ. ನಾಲ್ಕರಿಂದ ಆರು ವಾರ ಹಗಲಿನ ಉಷ್ಣತೆ 25 ಡಿಗ್ರಿಯ ಆಸುಪಾಸು, ರಾತ್ರಿಯದು 18ರ ಆಸುಪಾಸು ಇದ್ದರೆ ಬಲಿತ ಗಿಡ ಹೂದಂಟು ಹೊರಡಿಸುತ್ತದೆ. ಬೆಂಗಳೂರಿನ ನವೆಂಬರ್, ಡಿಸೆಂಬರ್ ತಿಂಗಳುಗಳು ಇದನ್ನು ಪುಕ್ಕಟೆಯಾಗಿ ಕೊಡುತ್ತವೆ. ಆ ಕಾಲದಲ್ಲಿ ಚಳಿಯೆಂದು ಗಿಡವನ್ನು ಒಳಗೆ ತಂದಿಟ್ಟು ಕಿಟಕಿ ಮುಚ್ಚುವವರು ಹೂವನ್ನೇ ಹೊರಗಟ್ಟಿದಂತೆ. ಬಾಲ್ಕನಿಯಲ್ಲೇ ಬಿಟ್ಟು, ರಾತ್ರಿ 14 ಡಿಗ್ರಿಗಿಂತ ಕೆಳಗಿಳಿದ ದಿನಗಳಲ್ಲಿ ಮಾತ್ರ ಒಳಗಿಟ್ಟರೆ ಸಾಕು. ಮಂಗಳೂರಿನಲ್ಲಿ ಜನವರಿಯ ರಾತ್ರಿಯೂ 20ರ ಮೇಲೆಯೇ ಇದ್ದು ಹಗಲು 30 ದಾಟುವುದರಿಂದ ಗಿಡಕ್ಕೆ ಆ ಕರೆ ಸರಿಯಾಗಿ ಕೇಳಿಸುವುದಿಲ್ಲ. ಏಸಿ ಕೋಣೆಯಲ್ಲಿಟ್ಟು ಹೂ ಬರಿಸಿದವರಿದ್ದಾರೆ, ಆದರೆ ಏಸಿ ಗಾಳಿ ತೇವವನ್ನೂ ಕುಡಿಯುವುದರಿಂದ ಬಂದ ಮೊಗ್ಗು ಒಣಗುವ ಭಯವಿದೆ. ತಂಪೆಲ್ಲ ಸಿಕ್ಕಿಯೂ ಹೂ ಬಾರದಿದ್ದರೆ ಗೊಬ್ಬರದ ಅಂಗಡಿಗೆ ಓಡುವ ಮೊದಲು ಎಲೆಯ ಬಣ್ಣ ನೋಡಬೇಕು. ತಪ್ಪು ಬಹುತೇಕ ಬೆಳಕಿನದಾಗಿರುತ್ತದೆ.

ಎಲೆಯ ಕಂಕುಳಿನಿಂದ ಹಸಿರು ಮೊನೆಯೊಂದು ಇಣುಕಿದಾಗ ಅದು ಬೇರೋ ಹೂದಂಟೋ ಎಂಬ ಗೊಂದಲ ಎಲ್ಲರಿಗೂ ಬರುತ್ತದೆ. ಬೇರಿನ ತುದಿ ಉರುಟಾಗಿ ನುಣುಪಾಗಿ ಹೊಳೆಯುತ್ತದೆ, ಹಿಂದೆಯೇ ಬೆಳ್ಳಿಯ ಹೊದಿಕೆ ಬರುತ್ತದೆ. ಹೂದಂಟಿನ ತುದಿ ಹೆಬ್ಬೆರಳು ಬಿಡಿಸಿದ ಕೈಗವಸಿನಂತೆ ಒಂದು ಪಕ್ಕಕ್ಕೆ ಚೂಪಾಗಿ, ಎಲೆಗಿಂತ ಮೇಲಕ್ಕೆ ಬೆಳಕಿನತ್ತ ತಿರುಗುತ್ತದೆ. ಹತ್ತು ದಿನ ಕಾದರೆ ಸಂಶಯ ತಾನೇ ಕಳೆಯುತ್ತದೆ. ದಂಟು ಕಂಡ ಮೇಲೆ ಅರಳಲು ಸುಮಾರು ಮೂರು ತಿಂಗಳು ಬೇಕು. ಆ ಅವಧಿಯಲ್ಲಿ ಕುಂಡವನ್ನು ತಿರುಗಿಸುತ್ತಿದ್ದರೆ ದಂಟು ಪ್ರತಿ ಸಲವೂ ಬೆಳಕಿನ ಕಡೆ ಹೊರಳಿ ಹಾವಿನಂತಾಗುತ್ತದೆ, ಹಾಗಾಗಿ ಕುಂಡದ ಮೇಲೊಂದು ಗುರುತು ಹಾಕಿ, ನೀರು ಹಾಕಿದ ನಂತರ ಅದೇ ಮುಖವನ್ನೇ ಕಿಟಕಿಗೆ ಇಡಬೇಕು. ದಂಟು ಗೇಣುದ್ದವಾದಾಗ ಕಡ್ಡಿಗೆ ಸಡಿಲವಾಗಿ ಕಟ್ಟಬೇಕು.

ಮೊಗ್ಗು ಹಳದಿಯಾಗಿ ಉದುರಲು ಜಾಗ ಬದಲಾವಣೆ, ಒಣಗಾಳಿ, ಬೇರು ಕೊಳೆ ಇವು ಕಾರಣಗಳು. ಇವುಗಳ ಜೊತೆ ಅಷ್ಟಾಗಿ ಯಾರಿಗೂ ಹೊಳೆಯದ ಒಂದಿದೆ: ಮಾಗುತ್ತಿರುವ ಬಾಳೆಗೊನೆ. ಹಣ್ಣು ಮಾಗುವಾಗ ಹೊಮ್ಮುವ ಎಥಿಲೀನ್ ಅನಿಲ ಮೊಗ್ಗನ್ನೂ ಅರಳಿದ ಹೂವನ್ನೂ ಬಾಡಿಸುತ್ತದೆ. ಮೇಜಿನ ಮೇಲೆ ಹಣ್ಣಿನ ಬುಟ್ಟಿಯ ಪಕ್ಕದಲ್ಲಿ ಆರ್ಕಿಡ್ ಇಡುವುದು ಚಿತ್ರದಲ್ಲಿ ಚಂದ.

ಹೂವೆಲ್ಲ ಉದುರಿದ ಮೇಲೆ ಫೆಲನಾಪ್ಸಿಸ್‌ನ ದಂಟು ಹಸಿರಾಗಿಯೇ ಇದ್ದರೆ ಬುಡದಿಂದ ಎರಡು ಮೂರು ಗೆಣ್ಣು ಬಿಟ್ಟು ಮೇಲೆ ಕತ್ತರಿಸಿದರೆ ಕೆಲವೊಮ್ಮೆ ಪಕ್ಕದಿಂದ ಕವಲೊಡೆದು ಮತ್ತೆ ಹೂ ಬರುತ್ತದೆ. ಗಿಡಕ್ಕೆ ನಾಲ್ಕಕ್ಕಿಂತ ಕಡಿಮೆ ಎಲೆಯಿದ್ದರೆ ನಾನು ಆ ಆಸೆಗೆ ಬೀಳದೆ ಬುಡಕ್ಕೇ ಕತ್ತರಿಸುತ್ತೇನೆ. ಡೆಂಡ್ರೋಬಿಯಂನಲ್ಲಿ ಹೂ ಒಣಗಿದ ದಂಟನ್ನು ಮಾತ್ರ ತೆಗೆಯಬೇಕು; ಎಲೆ ಉದುರಿ ಬೋಳಾದ ಹಳೆಯ ಕಾಂಡವನ್ನು ಸತ್ತಿತೆಂದು ಕತ್ತರಿಸಬಾರದು, ಹೊಸ ಮರಿಗೆ ಬೇಕಾದ ನೀರು ಮತ್ತು ಆಹಾರದ ಕಣಜ ಅದೇ, ಅದರ ತುದಿಯಲ್ಲಿ ಮತ್ತೆ ಹೂ ಬರುವುದೂ ಉಂಟು. ಕಾಂಡದ ಗೆಣ್ಣಿನಲ್ಲಿ ಹೂವಿನ ಬದಲು ಪುಟ್ಟ ಗಿಡ ಮೂಡಿದರೆ ಅದರ ಬೇರು ಎರಡು ಅಂಗುಲವಾಗುವವರೆಗೆ ತಾಯಿಯ ಮೇಲೆಯೇ ಬಿಟ್ಟು ಆಮೇಲೆ ತಿರುಚಿ ಬಿಡಿಸಿ ಬೇರೆ ನೆಡಬಹುದು.

ಹಿಟ್ಟು ತಿಗಣೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ವಾರ ಬಿಟ್ಟು ಮತ್ತೆ ಒರೆಸಬೇಕು. ಲೀಟರಿಗೆ 5 ಮಿಲಿಲೀಟರ್ ಬೇವಿನೆಣ್ಣೆಗೆ ಒಂದೆರಡು ಹನಿ ಸೋಪು ಬೆರೆಸಿ ಸಂಜೆ ಸಿಂಪಡಿಸಿದರೆ ನುಸಿಯೂ ಹತೋಟಿಗೆ ಬರುತ್ತದೆ. ಮಳೆಗಾಲದಲ್ಲಿ ಬೇರಿನ ಹಸಿರು ತುದಿಗಳು ರಾತ್ರೋರಾತ್ರಿ ಮಾಯವಾದರೆ ಬಸವನಹುಳು ಬಂದಿದೆಯೆಂದು ಅರ್ಥ. ಟಾರ್ಚು ಹಿಡಿದು ರಾತ್ರಿ ಒಂಬತ್ತರ ಮೇಲೆ ಹುಡುಕಿದರೆ ಕೈಗೇ ಸಿಗುತ್ತವೆ.

ಮರಕ್ಕೆ ಕಟ್ಟುವುದು

ಅಂಗಳದಲ್ಲಿ ಮರವಿರುವವರು ಈ ಕುಂಡದ ಗೊಡವೆಯನ್ನೇ ಬಿಡಬಹುದು. ಡೆಂಡ್ರೋಬಿಯಂ, ವ್ಯಾಂಡಾ, ನರ್ಸರಿಯಲ್ಲಿ ಬೆಳೆಸಿದ ಸೀತಾಳೆ, ಮೂರೂ ಮರದ ಮೇಲೆ ಕುಂಡಕ್ಕಿಂತ ಚೆನ್ನಾಗಿ ಬರುತ್ತವೆ. ತೊಗಟೆ ಒರಟಾಗಿರುವ, ಸುಲಿದು ಬೀಳದ ಮಾವು, ಹಲಸು ಒಳ್ಳೆಯವು. ಸೀಬೆ, ನೀಲಗಿರಿಯಂತೆ ಪದರ ಪದರವಾಗಿ ತೊಗಟೆ ಕಳಚುವ ಮರಗಳಲ್ಲಿ ಬೇರು ಹಿಡಿದದ್ದು ತೊಗಟೆಯ ಜೊತೆಗೇ ಉದುರುತ್ತದೆ. ಮೊದಲ ಮಳೆ ಬಿದ್ದು ಹೊಸ ಬೇರು ಹೊರಡುವ ಜೂನ್ ಮೊದಲ ವಾರ ಇದಕ್ಕೆ ಕಾಲ. ಬೆಳಗಿನ ಬಿಸಿಲು ಬೀಳುವ ಪೂರ್ವದ ಮೈಯಲ್ಲಿ, ಕಣ್ಣೆತ್ತರದಲ್ಲಿ ಜಾಗ ಆರಿಸಿ, ಗಿಡದ ಬುಡವನ್ನು ನೇರ ತೊಗಟೆಗೆ ತಾಗಿಸಿ, ಬೇರುಗಳ ಮೇಲೆ ತೆಳುವಾಗಿ ತೆಂಗಿನ ನಾರು ಹರಡಿ, ತೆಂಗಿನ ಹುರಿಯಿಂದ ಅಲುಗದಂತೆ ಸುತ್ತಿ ಕಟ್ಟಬೇಕು. ತಂತಿ ಬೇಡ, ಮರ ದಪ್ಪವಾದಂತೆ ಅದು ಮರವನ್ನೂ ಗಿಡವನ್ನೂ ಕೊಯ್ಯುತ್ತದೆ. ಹುರಿ ಒಂದೆರಡು ಮಳೆಗಾಲಕ್ಕೆ ತಾನೇ ಕೊಳೆತು ಉದುರುತ್ತದೆ, ಅಷ್ಟರಲ್ಲಿ ಬೇರುಗಳು ಚಪ್ಪಟೆಯಾಗಿ ತೊಗಟೆಯ ಬಿರುಕುಗಳಲ್ಲಿ ಹರಿದು ಗಿಡವನ್ನು ಹಿಡಿದುಕೊಂಡಿರುತ್ತವೆ. ಮೊದಲ ಬೇಸಿಗೆಯಲ್ಲಿ ಮಾತ್ರ, ಫೆಬ್ರವರಿಯಿಂದ ಮಳೆ ಬರುವ ತನಕ, ಎರಡು ದಿನಕ್ಕೊಮ್ಮೆ ಬೆಳಗ್ಗೆ ಅದಕ್ಕೊಂದು ಚೊಂಬು ನೀರು ಎರಚಬೇಕು.